ಎರಡು ಚುಕ್ಕಿಯ ಸುಳ್ಳು

ಬೆಂಗಳೂರಿನಲ್ಲಿ ಕೆಲಸ ಬದಲಾಯಿಸೋಕೆ ಹೊರಟ ಯಾವ ಎಂಜಿನಿಯರನ್ನಾದರೂ ಕೇಳಿ ನೋಡಿ, ಲೀಟ್‌ಕೋಡ್‌ನ 71ನೇ ಸಮಸ್ಯೆ ಗೊತ್ತಿರುತ್ತೆ. ಹೆಸರು 'ಸಿಂಪ್ಲಿಫೈ ಪಾತ್'. ಯುನಿಕ್ಸ್ ಶೈಲಿಯ ಒಂದು ಫೈಲ್ ಪಾತ್ ಕೊಡ್ತಾರೆ, ಅದನ್ನು ಚೊಕ್ಕ ಮಾಡಬೇಕು. ಸ್ಲ್ಯಾಶ್ ಇದ್ದಲ್ಲಿ ತುಂಡು ಮಾಡು, ಒಂದು ಚುಕ್ಕಿ ಕಂಡರೆ ಬಿಟ್ಟುಬಿಡು, ಎರಡು ಚುಕ್ಕಿ ಕಂಡರೆ ಸ್ಟ್ಯಾಕ್‌ನ ಮೇಲಿರೋ ಹೆಸರನ್ನು ಎತ್ತಿ ಬಿಸಾಕು. ಹತ್ತು ಸಾಲಿನ ಕೋಡ್. ಇಂಟರ್‌ವ್ಯೂನಲ್ಲಿ ಬಂದರೆ ಆವತ್ತು ನಮ್ಮ ನಸೀಬು ನೆಟ್ಟಗಿದೆ ಅಂತ ಲೆಕ್ಕ.

ಸ್ಟ್ಯಾಕ್ ಕಲಿಯೋಕೆ ಒಳ್ಳೆಯ ಅಭ್ಯಾಸ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಆಮೇಲೆ ಆಗೋದರ ಬಗ್ಗೆ. ಕೆಲಸ ಸಿಕ್ಕಮೇಲೆ ಇದೇ ಹತ್ತು ಸಾಲನ್ನು ಆಫೀಸಿಗೂ ತಗೊಂಡು ಹೋಗ್ತೀವಿ. ಬಳಕೆದಾರ ಕೊಟ್ಟ ಫೈಲ್ ಹೆಸರನ್ನು ಹೀಗೇ ಚೊಕ್ಕ ಮಾಡಿ, ಅದು 'ಅಪ್‌ಲೋಡ್' ಫೋಲ್ಡರ್ ಹೆಸರಿನಿಂದ ಶುರುವಾಗುತ್ತಾ ಅಂತ ನೋಡಿ, ಶುರುವಾದರೆ ಫೈಲ್ ತೆರೆದುಬಿಡ್ತೀವಿ. ಕಾಮೆಂಟ್‌ನಲ್ಲಿ 'ಸೆಕ್ಯುರಿಟಿ ಚೆಕ್' ಅಂತ ಬೇರೆ ಬರೆದುಕೊಳ್ತೀವಿ.

ಫೈಲ್ ಪಾತ್‌ನ ಅಕ್ಷರ ಓದಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಹೇಳೋದು ಯಾರ ಕೈಲೂ ಸಾಧ್ಯವಿಲ್ಲ. ಹೇಳ್ತೀನಿ ಅನ್ನೋ ಕೋಡ್ ಸುಳ್ಳು ಹೇಳ್ತಿದೆ. ಆ ಸುಳ್ಳಿಗೆ ನಾವು ಕೋಡ್ ರಿವ್ಯೂನಲ್ಲಿ ಹಸಿರು ಟಿಕ್ ಹಾಕ್ತಾ ಕೂತಿದ್ದೀವಿ.

ಯಾಕೆ ಅಂತ ತಿಳಿಯೋಕೆ ಕರ್ನಲ್ ಏನು ಮಾಡುತ್ತೆ ಅಂತ ಒಮ್ಮೆ ನೋಡಬೇಕು. ಪಾತ್ ಕೊಟ್ಟಾಗ ಅದು ಇಡೀ ಸಾಲನ್ನು ಒಟ್ಟಿಗೆ ಓದಿ ಅರ್ಥ ಮಾಡಿಕೊಳ್ಳೋದಿಲ್ಲ. ರೂಟ್‌ನಲ್ಲೋ ಈಗಿರುವ ಡೈರೆಕ್ಟರಿಯಲ್ಲೋ ನಿಂತು, ಮೊದಲ ಹೆಸರನ್ನು ಅಲ್ಲಿ ಹುಡುಕುತ್ತೆ. ಸಿಕ್ಕಿದರೆ, ಒಳಗೆ ಹೋಗೋಕೆ ಅನುಮತಿ ಇದ್ದರೆ, ಅಲ್ಲಿಗೆ ಹೋಗಿ ನಿಲ್ಲುತ್ತೆ. ಆಮೇಲೆ ಎರಡನೇ ಹೆಸರು. ಹೀಗೆ ಒಂದೊಂದೇ ಹೆಜ್ಜೆ. ಮಧ್ಯದಲ್ಲಿ ಸಿಂಬಾಲಿಕ್ ಲಿಂಕ್, ಅಂದರೆ ಸಿಮ್‌ಲಿಂಕ್, ಎದುರಾದರೆ ಅದರೊಳಗೆ ಬರೆದಿರೋ ಪಾತ್ ಓದಿ ಆ ಕಡೆ ತಿರುಗುತ್ತೆ. ಸಿಮ್‌ಲಿಂಕ್ ಅಂದರೆ ದೊಡ್ಡ ಮಾಯೆ ಏನಲ್ಲ. 'ಇಲ್ಲಿಲ್ಲ, ಅಲ್ಲಿ ಹೋಗಿ ಕೇಳು' ಅಂತ ಒಂದು ಸಾಲು ಬರೆದಿಟ್ಟ ಪುಟ್ಟ ಫೈಲ್, ಅಷ್ಟೇ. 1983ರ 4.2 ಬಿಎಸ್‌ಡಿಯಲ್ಲೇ ಇತ್ತು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ಸುತ್ತಿಸಬಹುದು ಅಂತ ಲಿನಕ್ಸ್ ಒಂದು ಮಿತಿ ಇಟ್ಟಿದೆ: ಒಂದು ಪಾತ್ ಬಿಡಿಸುವಾಗ 40 ಸಿಮ್‌ಲಿಂಕ್ ದಾಟಿದರೆ 'ಸಾಕು ಮಾರಾಯ' ಅಂತ ಎರರ್ ಕೊಡುತ್ತೆ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಲ್ಲಿ ದಾರಿ ಕೇಳಿದರೆ ಸಿಗೋದು ಇಂಥದ್ದೇ ಉತ್ತರ. 'ಅರಳಿಕಟ್ಟೆ ದಾಟಿ, ಕೆರೆ ಏರಿ ಮೇಲೆ ಹೋಗಿ, ಅಂಗಡಿಯವನನ್ನ ಕೇಳಿ, ಅವನು ಹೇಳ್ತಾನೆ.' ಅಂಗಡಿಯವನು ಇವತ್ತು ಯಾವ ಕಡೆ ಕೈ ತೋರಿಸ್ತಾನೋ ನಾಳೆಯೂ ಅದೇ ಕಡೆ ತೋರಿಸಬೇಕು ಅಂತೇನಿಲ್ಲ. ಮನೆಯಲ್ಲಿ ಕೂತು ಈ ವಾಕ್ಯವನ್ನ ಹತ್ತು ಸಲ ಓದಿದರೂ ಎಲ್ಲಿಗೆ ಮುಟ್ಟುತ್ತೀರಿ ಅಂತ ಗೊತ್ತಾಗಲ್ಲ. ನಡೆದೇ ನೋಡಬೇಕು.

ಈಗ ಎರಡು ಚುಕ್ಕಿಗೆ ಬನ್ನಿ. /ಮನೆ/ರವಿ/ಫೋಟೋ ಅಂತ ಒಂದು ಪಾತ್ ಇದೆ ಅಂದುಕೊಳ್ಳಿ. (ಲಿನಕ್ಸ್‌ನಲ್ಲಿ ಕನ್ನಡದ ಹೆಸರುಗಳು ಆರಾಮಾಗಿ ನಡೆಯುತ್ತವೆ. ಹೆಸರಿನೊಳಗೆ ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬರಬಾರದು, ಅಷ್ಟೇ ಅದರ ಷರತ್ತು.) ಇದರಲ್ಲಿ 'ಫೋಟೋ' ನಿಜವಾದ ಡೈರೆಕ್ಟರಿ ಅಲ್ಲ, /ಡಿಸ್ಕ್/2023/ಫೋಟೋ ಕಡೆ ಕೈ ತೋರಿಸೋ ಸಿಮ್‌ಲಿಂಕ್. ಹಾಗಾದರೆ /ಮನೆ/ರವಿ/ಫೋಟೋ/../ಪತ್ರ ಅಂದರೆ ಯಾವ ಫೈಲ್? 71ನೇ ಸಮಸ್ಯೆಯ ಉತ್ತರ /ಮನೆ/ರವಿ/ಪತ್ರ. ಕರ್ನಲ್‌ನ ಉತ್ತರ /ಡಿಸ್ಕ್/2023/ಪತ್ರ. ಎರಡು ಚುಕ್ಕಿ ಅಂದರೆ 'ಹಿಂದಿನ ಪದ ಅಳಿಸು' ಅಂತ ಅರ್ಥವಲ್ಲ. 'ಈಗ ಎಲ್ಲಿ ನಿಂತಿದ್ದೀಯೋ ಅದರ ನಿಜವಾದ ಅಪ್ಪನ ಮನೆಗೆ ಹೋಗು' ಅಂತ. ಅಂಗಡಿಯವನು ನಿಮ್ಮನ್ನು ಪಕ್ಕದೂರಿಗೆ ಕಳಿಸಿದಮೇಲೆ 'ಒಂದು ಹೆಜ್ಜೆ ಹಿಂದಕ್ಕೆ' ಅಂದರೆ ಪಕ್ಕದೂರಿನ ಬೀದಿಗೆ ಬರ್ತೀರೇ ಹೊರತು ನಿಮ್ಮೂರಿನ ಕೆರೆ ಏರಿಗಲ್ಲ.

ಈ ಗೊಂದಲಕ್ಕೆ ಶೆಲ್ ಕೂಡ ತನ್ನ ಪಾಲು ಸೇರಿಸಿದೆ. ಬ್ಯಾಶ್‌ನಲ್ಲಿ ಸಿಮ್‌ಲಿಂಕ್‌ನೊಳಗೆ 'ಸಿಡಿ' ಮಾಡಿ, ಆಮೇಲೆ ಎರಡು ಚುಕ್ಕಿಗೆ 'ಸಿಡಿ' ಮಾಡಿದರೆ ಬಂದ ದಾರಿಯಲ್ಲೇ ವಾಪಸ್ ಬರ್ತೀರಿ. ಯಾಕಂದರೆ ಬ್ಯಾಶ್ ನೀವು ಟೈಪ್ ಮಾಡಿದ ಹೆಸರುಗಳನ್ನು ನೆನಪಿಟ್ಟುಕೊಂಡು ನಿಮಗೋಸ್ಕರ ಅಳಿಸಿ ಕೊಡುತ್ತೆ. ಅದೇ ಜಾಗದಿಂದ ಎರಡು ಚುಕ್ಕಿಗೆ 'ಎಲ್‌ಎಸ್' ಹೊಡೆದು ನೋಡಿ, ಬೇರೆಯೇ ಫೋಲ್ಡರ್ ಕಾಣುತ್ತೆ. ಒಂದೇ ಟರ್ಮಿನಲ್, ಒಂದೇ ಎರಡು ಚುಕ್ಕಿ, ಎರಡು ಅರ್ಥ. ದಿನಾ ಬಳಸೋ ಟೂಲ್ ಬಾಯಿ ಸಿಹಿ ಮಾಡೋಕೆ ಹೇಳಿದ ಸುಳ್ಳನ್ನೇ ನಾವು ನಿಯಮ ಅಂತ ನಂಬಿಬಿಟ್ಟೆವು.

ಇದನ್ನೆಲ್ಲ ಯಾರೂ ಹೇಳಿಲ್ಲ ಅಂತೇನಿಲ್ಲ. ಪೈಥಾನ್‌ನ 'ನಾರ್ಮ್‌ಪಾತ್' ದಾಖಲೆಯಲ್ಲೇ ಎಚ್ಚರಿಕೆ ಇದೆ: ಸಿಮ್‌ಲಿಂಕ್ ಇರುವ ಪಾತ್‌ನ ಅರ್ಥವೇ ಬದಲಾಗಬಹುದು ಅಂತ. ಪೈಥಾನ್‌ನದ್ದೇ 'ಪಾತ್‌ಲಿಬ್' ಇದೇ ಕಾರಣಕ್ಕೆ ಎರಡು ಚುಕ್ಕಿಯನ್ನು ತಾನಾಗಿ ಅಳಿಸೋಕೆ ಹೋಗಲ್ಲ. ಗೋ ಭಾಷೆಯ 'ಕ್ಲೀನ್' ತಾನು ಅಕ್ಷರದ ಮೇಲಷ್ಟೇ ಕೆಲಸ ಮಾಡ್ತೀನಿ ಅಂತ ಮೊದಲ ವಾಕ್ಯಗಳಲ್ಲೇ ಒಪ್ಪಿಕೊಳ್ಳುತ್ತೆ. ಬರೆದವರು ಬರೆದಿಟ್ಟಿದ್ದಾರೆ. ಓದೋಕೆ ಮಾತ್ರ ನಮಗೆ ಪುರುಸೊತ್ತಿಲ್ಲ. ಸ್ಪ್ರಿಂಟ್ ಮುಗೀಬೇಕಲ್ಲ!

ಹಿಂದೊಮ್ಮೆ ನಾನಿದ್ದ ಒಂದು ಕಂಪನಿಯಲ್ಲಿ ನಡೆದದ್ದು. ಸ್ಕ್ಯಾನರ್ 'ಪಾತ್ ಟ್ರಾವರ್ಸಲ್' ಅಂತ ಕೆಂಪು ಬಾವುಟ ಹಾರಿಸಿತ್ತು. ಪರಿಹಾರ ಅಂತ ಬಂದದ್ದು ಒಂದೇ ಸಾಲು: ಸ್ಟ್ರಿಂಗ್‌ನಲ್ಲಿ ಎರಡು ಚುಕ್ಕಿ, ಒಂದು ಸ್ಲ್ಯಾಶ್ ಎಲ್ಲಿ ಕಂಡರೂ ಖಾಲಿ ಮಾಡು. ನಾಲ್ಕು ಚುಕ್ಕಿ, ಎರಡು ಸ್ಲ್ಯಾಶ್ ಕೊಟ್ಟರೆ? ಮಧ್ಯದ ಮೂರು ಅಕ್ಷರ ಅಳಿಸಿಹೋಗಿ, ಉಳಿದ ಮೂರು ಕೂಡಿಕೊಂಡು ಮತ್ತೆ ಎರಡು ಚುಕ್ಕಿ, ಒಂದು ಸ್ಲ್ಯಾಶ್ ಆಗುತ್ತೆ. ಕಳ್ಳನಿಗೆ ಚಾವಿಯನ್ನ ನಾವೇ ಉಜ್ಜಿ ಕೊಟ್ಟಂಗೆ. ಇದನ್ನ ಬೋರ್ಡ್ ಮೇಲೆ ಬರೆದು ತೋರಿಸಿದರೆ ಬಂದ ಉತ್ತರ: 'ಸ್ಕ್ಯಾನರ್ ಹಸಿರು ಬಂತಲ್ಲ, ಟಿಕೆಟ್ ಕ್ಲೋಸ್ ಮಾಡಿ.' ಟಿಕೆಟ್ ಕ್ಲೋಸ್ ಆಯ್ತು. ಬಾಗಿಲು ತೆರೆದೇ ಇತ್ತು.

ಸ್ವಲ್ಪ ತಿಳಿದವರು ಇಲ್ಲಿ ಕೈ ಎತ್ತುತ್ತಾರೆ. 'ಅಕ್ಷರ ಅಳಿಸೋದು ತಪ್ಪು, ಒಪ್ಪಿದೆ. ನಾವು ರಿಯಲ್‌ಪಾತ್ ಕರೀತೀವಿ. ಅದು ಸಿಮ್‌ಲಿಂಕ್‌ಗಳನ್ನೆಲ್ಲ ಬಿಡಿಸಿ ಅಸಲಿ ವಿಳಾಸ ಕೊಡುತ್ತೆ. ಅದನ್ನ ಚೆಕ್ ಮಾಡಿ ಆಮೇಲೆ ತೆರೀತೀವಿ.'

ಇದು ಮೊದಲಿನದ್ದಕ್ಕಿಂತ ವಾಸಿ. ಆದರೆ ರಿಯಲ್‌ಪಾತ್ ವಾಪಸ್ ಕೊಡೋದೂ ಒಂದು ಸ್ಟ್ರಿಂಗೇ. ಆ ಕ್ಷಣಕ್ಕೆ ನಿಜವಾಗಿದ್ದ ಉತ್ತರವನ್ನು ಕಾಗದದ ಮೇಲೆ ಬರೆದುಕೊಟ್ಟಂತೆ. ನೀವು ಕಾಗದ ನೋಡಿ, ತಲೆಯಾಡಿಸಿ, ಫೈಲ್ ತೆರೆಯಿರಿ ಅಂದಾಗ ಕರ್ನಲ್ ಮತ್ತೆ ಮೊದಲಿಂದ ನಡೆಯೋಕೆ ಶುರುಮಾಡುತ್ತೆ. ಈ ಎರಡು ನಡಿಗೆಯ ನಡುವೆ ಯಾರಾದರೂ ಒಂದು ಡೈರೆಕ್ಟರಿಯನ್ನು ಎತ್ತಿ ಅದರ ಜಾಗದಲ್ಲಿ ಸಿಮ್‌ಲಿಂಕ್ ಇಟ್ಟರೆ ನೀವು ಚೆಕ್ ಮಾಡಿದ್ದೇ ಒಂದು, ತೆರೆದಿದ್ದೇ ಇನ್ನೊಂದು. ಲಿನಕ್ಸ್‌ನಲ್ಲಿ ಎರಡು ಹೆಸರುಗಳನ್ನು ಒಂದೇ ಏಟಿಗೆ ಅದಲುಬದಲು ಮಾಡೋಕೆ ಸಿಸ್ಟಂ ಕಾಲ್ ಕೂಡ ಇದೆ. ಲೂಪ್ ಹಾಕಿ ಸಾವಿರಾರು ಸಲ ಅದಲುಬದಲು ಮಾಡ್ತಾ ಕೂತರೆ ಯಾವುದೋ ಒಂದು ಸಲ ಸಮಯ ಕೂಡಿಬರುತ್ತೆ. ದಾಳಿ ಮಾಡೋನಿಗೆ ಒಂದು ಸಲ ಸಾಕು.

ಇದೇನು ಹೊಸ ವಿಷಯವಲ್ಲ. ಮ್ಯಾಟ್ ಬಿಷಪ್ ಮತ್ತು ಮೈಕೆಲ್ ಡಿಲ್ಗರ್ 1996ರಲ್ಲೇ ಫೈಲ್‌ಗಳ ವಿಷಯದಲ್ಲಿ ಈ 'ನೋಡಿದ ಹೊತ್ತು ಬೇರೆ, ಬಳಸಿದ ಹೊತ್ತು ಬೇರೆ' ಅನ್ನೋ ರೋಗದ ಬಗ್ಗೆ ಪ್ರಬಂಧ ಬರೆದಿದ್ದರು. ಇವತ್ತು ಕೋಡ್ ಬರೀತಿರೋ ಎಷ್ಟೋ ಜನ ಆಗ ಹುಟ್ಟೇ ಇರಲಿಲ್ಲ.

ದೊಡ್ಡ ದೊಡ್ಡ ಮನೆಗಳೇ ಇದರಲ್ಲಿ ಎಡವಿವೆ. ರಸ್ಟ್ ಭಾಷೆ ಮೆಮೊರಿ ಸುರಕ್ಷತೆಗೆ ಹೆಸರುವಾಸಿ. ಅದರ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಡೈರೆಕ್ಟರಿಯನ್ನು ಬುಡಸಮೇತ ಅಳಿಸೋ ಫಂಕ್ಷನ್ ಇದೆ. 'ಇದು ಸಿಮ್‌ಲಿಂಕಾ?' ಅಂತ ಮೊದಲು ನೋಡೋದು, ಅಲ್ಲ ಅಂದರೆ ಒಳಗೆ ಹೋಗಿ ಅಳಿಸೋದು. ನೋಡಿದ್ದಕ್ಕೂ ಒಳಗೆ ಹೋಗಿದ್ದಕ್ಕೂ ನಡುವೆ ಸಿಮ್‌ಲಿಂಕ್ ತಂದಿಟ್ಟರೆ, ಹೆಚ್ಚಿನ ಅಧಿಕಾರ ಇರೋ ಪ್ರೋಗ್ರಾಂ ಒಂದರ ಕೈಯಿಂದ ಬೇರೆ ಯಾರದ್ದೋ ಫೈಲ್ ಅಳಿಸಬಹುದಿತ್ತು. 2022ರ ಜನವರಿಯಲ್ಲಿ 1.58.1 ಆವೃತ್ತಿ ಬಿಟ್ಟು ಸರಿಪಡಿಸಿದರು. ಮೆಮೊರಿ ವಿಷಯದಲ್ಲಿ ಅಷ್ಟು ಮಡಿ ಮಾಡೋ ಭಾಷೆಯೂ ಹೆಸರನ್ನ ನಂಬಿ ಮೋಸ ಹೋಯ್ತು.

'ನಮ್ಮದೆಲ್ಲ ಕಂಟೈನರ್‌ನಲ್ಲಿ ಓಡುತ್ತೆ, ಚಿಂತೆ ಇಲ್ಲ' ಅನ್ನೋರಿಗೆ ಡಾಕರ್ ಕಥೆ. ಕಂಟೈನರ್‌ಗೂ ಹೋಸ್ಟ್‌ಗೂ ನಡುವೆ ಫೈಲ್ ಕಾಪಿ ಮಾಡೋ ಕಮಾಂಡ್‌ನಲ್ಲಿ, ಪಾತ್ ಬಿಡಿಸಿದ ಮೇಲೆ ಮತ್ತು ಬಳಸೋ ಮೊದಲು ಒಂದು ಸಂದು ಇತ್ತು. ಕಂಟೈನರ್ ಒಳಗಿದ್ದವನು ಆ ಸಂದಿನಲ್ಲಿ ಸಿಮ್‌ಲಿಂಕ್ ತೂರಿಸಿದರೆ ಹೋಸ್ಟ್ ಮೆಷಿನ್‌ನ ಫೈಲ್‌ಗಳನ್ನು ರೂಟ್ ಅಧಿಕಾರದಲ್ಲಿ ಓದಬಹುದಿತ್ತು, ಬರೆಯಬಹುದಿತ್ತು. 2019ರಲ್ಲಿ ಇದನ್ನು ಬಯಲು ಮಾಡಿದವರು ಅಲೆಕ್ಸಾ ಸರೈ.

ಈ ಎಲ್ಲದರಲ್ಲಿ ನನಗೆ ಮರೆಯಲಾಗದ್ದು ಕುಬರ್ನೆಟೀಸ್‌ನ ಕಥೆ. ಅದರಲ್ಲಿ 'ಸಬ್‌ಪಾತ್' ಅಂತ ಒಂದು ಸೌಲಭ್ಯ ಇದೆ, ವಾಲ್ಯೂಮ್‌ನ ಒಳಗಿನ ಒಂದು ಫೋಲ್ಡರ್ ಅಥವಾ ಫೈಲನ್ನು ಮಾತ್ರ ಕಂಟೈನರ್‌ಗೆ ಕೊಡೋದು. ಆ ಜಾಗದಲ್ಲಿ ಸಿಮ್‌ಲಿಂಕ್ ಇಟ್ಟು ಹೋಸ್ಟ್‌ನ ಫೈಲ್ ಸಿಸ್ಟಂ ಮುಟ್ಟಬಹುದು ಅಂತ 2018ರ ಮಾರ್ಚ್‌ನಲ್ಲಿ ಬಯಲಾಯ್ತು. ಆಗ ಅವರು ಮಾಡಿದ ರಿಪೇರಿ ಮೆಚ್ಚುವಂಥದ್ದೇ. ಸ್ಟ್ರಿಂಗ್ ನಂಬೋದು ಬಿಟ್ಟು, ಪ್ರತಿ ಹೆಜ್ಜೆಯಲ್ಲೂ ಡೈರೆಕ್ಟರಿಯನ್ನು ತೆರೆದು ಹಿಡಿದುಕೊಂಡು, ಸಿಮ್‌ಲಿಂಕ್ ಕಂಡರೆ ನಿರಾಕರಿಸಿ, ಕೊನೆಗೆ ಕೈಯಲ್ಲಿರೋ ಫೈಲ್ ಡಿಸ್ಕ್ರಿಪ್ಟರನ್ನೇ ಮೌಂಟ್ ಮಾಡೋಕೆ ಕೊಟ್ಟರು. ಇಷ್ಟೆಲ್ಲ ಆದಮೇಲೆ 2021ರ ಸೆಪ್ಟೆಂಬರ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ತೂತು. ಯಾಕೆ? ಮೌಂಟ್ ಮಾಡೋಕೆ ಕರೆದ 'ಮೌಂಟ್' ಕಮಾಂಡ್, ತನಗೆ ಕೊಟ್ಟದ್ದನ್ನು ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಚೊಕ್ಕ ಪಾತ್ ಆಗಿ ಬದಲಾಯಿಸುತ್ತಿತ್ತು. ಕಷ್ಟಪಟ್ಟು ಹಿಡಿದಿದ್ದ ವಸ್ತುವನ್ನು ಕೈಬಿಟ್ಟು, ಅದರ ಹೆಸರು ಬರೆದುಕೊಂಡು, ಆ ಹೆಸರನ್ನು ಹುಡುಕಿಕೊಂಡು ಮತ್ತೆ ನಡೆಯಿತು. ಪರಿಹಾರ ಏನು ಗೊತ್ತಾ? ಆ ಕಮಾಂಡ್‌ಗೆ 'ನೀನು ಪಾತ್ ಚೊಕ್ಕ ಮಾಡಬೇಡ' ಅಂತ ಹೇಳೋ ಒಂದು ಆಯ್ಕೆ ಸೇರಿಸಿದ್ದು. ಚೊಕ್ಕ ಮಾಡೋ ಚಟವೇ ರೋಗ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು ಹೇಳಿ.

ಪೈಥಾನ್‌ನ 'ಟಾರ್‌ಫೈಲ್' ಕಥೆ ಇನ್ನೂ ಉದ್ದ. ಟಾರ್ ಫೈಲ್ ಬಿಚ್ಚುವಾಗ ಒಳಗಿನ ಹೆಸರುಗಳು ಫೋಲ್ಡರ್‌ನಿಂದ ಆಚೆ ಜಿಗಿಯಬಹುದು ಅಂತ 2007ರಲ್ಲೇ ದಾಖಲಾಗಿತ್ತು. 'ಎಚ್ಚರದಿಂದ ಬಳಸಿ' ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡರು. 2022ರಲ್ಲಿ ಮತ್ತೆ ಗದ್ದಲವೆದ್ದು, 3.12ರಲ್ಲಿ ಅಪಾಯಕಾರಿ ಹೆಸರು, ಲಿಂಕ್‌ಗಳನ್ನು ಸೋಸೋ ಫಿಲ್ಟರ್ ಬಂತು. 2025ರಲ್ಲಿ ಆ ಫಿಲ್ಟರನ್ನೇ ದಾಟೋ ದಾರಿ ಸಿಕ್ಕಿತು: ಉದ್ದದ ಮಿತಿ ಮೀರಿದ ಪಾತ್ ಕೊಟ್ಟರೆ ಪೈಥಾನ್‌ನ ರಿಯಲ್‌ಪಾತ್ ಮುಂದಿನ ಸಿಮ್‌ಲಿಂಕ್‌ಗಳನ್ನು ಬಿಡಿಸದೆ ಹಾಗೇ ಬಿಟ್ಟುಬಿಡುತ್ತಿತ್ತು. ಚೆಕ್ ಮಾಡಿದವನಿಗೆ ಕಂಡದ್ದು ಒಂದು ದಾರಿ, ಬರೆದವನು ನಡೆದದ್ದು ಇನ್ನೊಂದು ದಾರಿ. ಹದಿನೆಂಟು ವರ್ಷ, ಒಂದೇ ತಪ್ಪು, ಬೇರೆ ಬೇರೆ ವೇಷ.

ಇನ್ನೊಂದು ವಾದವೂ ಇದೆ, ಅದನ್ನ ಗೌರವದಿಂದಲೇ ಕೇಳಬೇಕು. ರಾಬ್ ಪೈಕ್ 2000ದಲ್ಲಿ ಬರೆದ ಪ್ರಬಂಧದಲ್ಲಿ, ಎರಡು ಚುಕ್ಕಿಯ ಅರ್ಥವನ್ನು ಅಕ್ಷರದಂತೆಯೇ ತೆಗೆದುಕೊಳ್ಳೋದು ಸರಿ ಅಂತ ವಾದಿಸಿ, ಪ್ಲಾನ್ 9 ಸಿಸ್ಟಂನಲ್ಲಿ ಹಾಗೇ ಮಾಡಿ ತೋರಿಸಿದರು. ಬಂದ ದಾರಿಯಲ್ಲೇ ವಾಪಸ್ ಹೋಗೋದು ಮನುಷ್ಯನಿಗೆ ಸಹಜ, ನಿಜ. ಆದರೆ ಅವರು ಅದನ್ನ ಮಾಡಿದ್ದು ಹೇಗೆ ಅಂತ ನೋಡಿ. ತೆರೆದ ಪ್ರತಿ ಫೈಲ್‌ನ ಜೊತೆ ಅದಕ್ಕೆ ಬಂದ ಹೆಸರನ್ನು ಕರ್ನಲ್ಲೇ ನೆನಪಿಟ್ಟುಕೊಳ್ಳೋ ಹಾಗೆ ಬದಲಾಯಿಸಿದರು. ಮೇಲಾಗಿ ಪ್ಲಾನ್ 9ರಲ್ಲಿ ಸಿಮ್‌ಲಿಂಕ್ ಅನ್ನೋದೇ ಇಲ್ಲ. ಇಡೀ ಊರಿನ ಕಾನೂನು ಬದಲಾಯಿಸಿ ಆಮೇಲೆ ಆ ಕಾನೂನಿನಂತೆ ನಡೆದರು. ನಾವೋ, ಲಿನಕ್ಸ್ ಊರಿನಲ್ಲಿ ಕೂತು ಪ್ಲಾನ್ 9ರ ಕಾನೂನು ಓದುತ್ತಿದ್ದೀವಿ.

'ಹಾಗಾದರೆ ಸಿಮ್‌ಲಿಂಕನ್ನೇ ಕಿತ್ತು ಹಾಕೋಣ' ಅಂದರೆ ಅದೂ ಆಗೋ ಮಾತಲ್ಲ. ಈಗಿನ ಉಬುಂಟುವಿನಲ್ಲಿ /ಬಿನ್ ಒಂದು ಸಿಮ್‌ಲಿಂಕ್, /ಯುಎಸ್ಆರ್/ಬಿನ್ ಕಡೆ ಕೈ ತೋರಿಸುತ್ತೆ. ನಿಮ್ಮ ಮ್ಯಾಕ್‌ಬುಕ್‌ನಲ್ಲಿ /ಟಿಎಂಪಿ, /ವಾರ್, /ಇಟಿಸಿ ಮೂರೂ ಸಿಮ್‌ಲಿಂಕ್‌ಗಳೇ, ಅಸಲಿ ಇರೋದು /ಪ್ರೈವೇಟ್ ಒಳಗೆ. ಮ್ಯಾಕ್‌ನಲ್ಲಿ ಟೆಂಪ್ ಫೋಲ್ಡರ್ ಟೆಸ್ಟ್ ಮಾತ್ರ ಫೇಲ್ ಆಗುತ್ತೆ ಅಂತ ತಲೆ ಕೆಡಿಸಿಕೊಂಡವರು ಇದನ್ನೇ ಎಡವಿರೋದು. ಆಗ ಎಷ್ಟೋ ಜನ ಏನು ಮಾಡ್ತಾರೆ? ಟೆಸ್ಟ್ ಪಾಸಾಗಲಿ ಅಂತ ಚೆಕ್ ಅನ್ನೇ ಸಡಿಲ ಮಾಡ್ತಾರೆ.

ಸರಿಯಾದ ದಾರಿ ಇಲ್ಲದೇ ಇಲ್ಲ. ಹೆಸರನ್ನು ಬಿಟ್ಟು ವಸ್ತುವನ್ನು ಹಿಡಿಯೋದು. ಬೇಸ್ ಫೋಲ್ಡರನ್ನು ಒಮ್ಮೆ ತೆರೆದು ಅದರ ಡಿಸ್ಕ್ರಿಪ್ಟರ್ ಕೈಯಲ್ಲಿಟ್ಟುಕೊಳ್ಳಿ. ಅದನ್ನು ತೋರಿಸಿ 'ಇದರೊಳಗಿಂದ, ಇದರಾಚೆ ಹೋಗದೆ, ಈ ಹೆಸರು ತೆರೆದುಕೊಡು' ಅಂತ ಕರ್ನಲ್‌ಗೇ ಹೇಳಿ. ನಡೆಯೋನೂ ಅವನೇ, ಕಾಯೋನೂ ಅವನೇ ಆದರೆ ನಡುವೆ ಸಂದು ಇರಲ್ಲ. ಲಿನಕ್ಸ್ 5.6ರಿಂದ, ಅಂದರೆ 2020ರಿಂದ, 'ಓಪನ್‌ಯಾಟ್2' ಅನ್ನೋ ಸಿಸ್ಟಂ ಕಾಲ್ ಇದೇ ಕೆಲಸ ಮಾಡುತ್ತೆ. ಆಚೆ ಹೋಗಬೇಡ ಅನ್ನೋಕೆ ಒಂದು ಫ್ಲ್ಯಾಗ್, ಸಿಮ್‌ಲಿಂಕ್ ಮುಟ್ಟಲೇಬೇಡ ಅನ್ನೋಕೆ ಇನ್ನೊಂದು. ಬರೆದವರು ಡಾಕರ್‌ನ ತೂತು ಕಂಡುಹಿಡಿದ ಅದೇ ಅಲೆಕ್ಸಾ ಸರೈ. ಕರ್ನಲ್ ಹತ್ತಿರ ಹೋಗೋಕೆ ಭಯವೇ? ಗೋ 1.24ರಲ್ಲಿ, 2025ರ ಫೆಬ್ರವರಿಯಲ್ಲಿ, 'ಓಎಸ್ ರೂಟ್' ಬಂದಿದೆ. ಒಂದು ಸಾಲಿನಲ್ಲಿ ಫೋಲ್ಡರ್ ತೆರೆದರೆ, ಆಮೇಲೆ ಅದರ ಮೂಲಕ ಮಾಡೋ ಯಾವ ಕೆಲಸವೂ ಸಿಮ್‌ಲಿಂಕ್ ಹಿಡಿದು ಆ ಫೋಲ್ಡರಿನಾಚೆ ಹೋಗಲ್ಲ. ಎರಡು ಸಾಲಿನ ಕೋಡ್. ನಾವು ಬರೆಯೋ ಸ್ಟ್ರಿಂಗ್ ಚೆಕ್‌ಗಿಂತ ಚಿಕ್ಕದು.

ಆದ್ದರಿಂದ 'ಸಮಯ ಇಲ್ಲ', 'ಪ್ರಾಕ್ಟಿಕಲ್ ಅಲ್ಲ' ಅನ್ನೋ ಮಾತನ್ನ ನಾನು ಒಪ್ಪಲ್ಲ. ಸಮಯ ಇದೆ, ಟೂಲ್ ಇದೆ. ಇಲ್ಲದ್ದು ಸ್ಕ್ಯಾನರ್‌ನ ಹಸಿರು ಬಣ್ಣದಾಚೆ ನೋಡೋ ಅಭ್ಯಾಸ. ನಾವು ಬರೆಯೋ ಕೋಡ್ ಎಷ್ಟೋ ಸಲ ರೂಟ್ ಅಧಿಕಾರದಲ್ಲಿ, ಹತ್ತಾರು ಗ್ರಾಹಕರು ಹಂಚಿಕೊಂಡ ಮೆಷಿನ್ ಮೇಲೆ ಓಡುತ್ತೆ. ಒಬ್ಬನ ಫೋಲ್ಡರಿನಿಂದ ಇನ್ನೊಬ್ಬನ ಫೋಲ್ಡರಿಗೆ ದಾರಿ ಬಿಟ್ಟುಕೊಟ್ಟರೆ ಹೋಗೋದು ಯಾರದ್ದೋ ಸಂಬಳದ ಚೀಟಿ, ಯಾರದ್ದೋ ಸ್ಕ್ಯಾನ್ ರಿಪೋರ್ಟ್, ಯಾರದ್ದೋ ಆಧಾರ್ ಪ್ರತಿ. ಅವರಿಗೆ ಸಿಮ್‌ಲಿಂಕ್ ಅಂದರೇನು ಅಂತ ಗೊತ್ತಿರಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದು ಗೊತ್ತಿರಲಿ ಅಂತಲೇ ನಮಗೆ ಸಂಬಳ ಕೊಡೋದು.

ಮುಂದಿನ ಸಲ ರಿವ್ಯೂಗೆ ಇಂಥ ಕೋಡ್ ಬಂದರೆ ಮೂರು ಪ್ರಶ್ನೆ ಕೇಳಿ. ಚೆಕ್ ಮಾಡ್ತಿರೋದು ಸ್ಟ್ರಿಂಗನ್ನೋ, ತೆರೆದ ಫೈಲನ್ನೋ? ಚೆಕ್ ಮಾಡಿದ ಮೇಲೆ ಅದೇ ಹೆಸರನ್ನು ಮತ್ತೊಮ್ಮೆ ಕರ್ನಲ್‌ಗೆ ಕೊಡ್ತಿದ್ದೀವಾ? ನಡುವಿನ ಯಾವುದಾದರೂ ಡೈರೆಕ್ಟರಿಯಲ್ಲಿ ಬರೆಯೋ ಅಧಿಕಾರ ನಾವು ನಂಬದವರಿಗೆ ಇದೆಯಾ? ಉತ್ತರ ಸರಿಯಿಲ್ಲದಿದ್ದರೆ ಅಪ್ರೂವ್ ಒತ್ತಬೇಡಿ. ಮ್ಯಾನೇಜರ್ ಬಂದು ಸ್ಕ್ಯಾನರ್ ಹಸಿರಾಗಿದೆ ಅಂದರೆ, ನಾಲ್ಕು ಚುಕ್ಕಿ ಎರಡು ಸ್ಲ್ಯಾಶ್‌ನ ಉದಾಹರಣೆಯನ್ನ ಬೋರ್ಡ್ ಮೇಲೆ ಬರೆದು ತೋರಿಸಿ, ಟಿಕೆಟ್ಟನ್ನ ತೆರೆದೇ ಇಡಿ.